ಗೋಲು ಹೊಡೆಯದವನ ಅಭಿಮಾನಿಗಳು

ಪ್ರಿಯ ಮಂಜು,

ನಿನ್ನ ಪತ್ರ ಓದಿ ನಗು ಬಂತು. ಜಪಾನ್ ಫುಟ್‌ಬಾಲ್ ಎಂದರೆ ಮಿತೋಮಾ, ಕುಬೊರಂಥ ಹೊಸ ಆಟಗಾರರು ಎನ್ನುವ ಕಾಲದಲ್ಲಿ ನಾನಿನ್ನೂ ಯುಟೊ ನಾಗಾಟೊಮೊನ ಜಪ ಮಾಡುತ್ತಿದ್ದೇನೆ ಎಂದು ಕಾಲೆಳೆದಿದ್ದೀಯ. ಗೋಲು ಹೊಡೆಯದ ಲೆಫ್ಟ್ ಬ್ಯಾಕ್‌ಗೆ (ಎಡಬದಿಯ ರಕ್ಷಣಾ ಆಟಗಾರನಿಗೆ) ಇಷ್ಟೊಂದು ಅಭಿಮಾನಿಗಳು ಏಕೆ ಎಂಬುದು ನಿನ್ನ ತಕರಾರು. ಸರಿ, ಕೇಳು.

2011ರ ಜನವರಿ 29, ದೋಹಾದ ಖಲೀಫಾ ಕ್ರೀಡಾಂಗಣ. ಏಷ್ಯಾ ಕಪ್ ಫೈನಲ್‌ನಲ್ಲಿ ಜಪಾನ್‌ಗೆ ಎದುರಾಳಿ ಆಸ್ಟ್ರೇಲಿಯಾ. ನಮ್ಮ ಸುನಿಲ್ ಚೆಟ್ರಿಯ ತಂಡಕ್ಕೆ ಅದೇ ಟೂರ್ನಿಯಲ್ಲಿ 4 ಗೋಲು ಬಡಿದಿದ್ದ ಆಸ್ಟ್ರೇಲಿಯಾ! 90 ನಿಮಿಷ ಮುಗಿದರೂ ಗೋಲಿಲ್ಲ, ಆಟ ಹೆಚ್ಚುವರಿ ಅವಧಿಗೆ ಹೋಯಿತು. ದ್ವಿತೀಯಾರ್ಧದಲ್ಲೇ ಜಪಾನ್ ಕೋಚ್ ಝಕೆರೋನಿ ನಾಗಾಟೊಮೊನನ್ನು ರಕ್ಷಣಾ ಸಾಲಿನಿಂದ ಮುಂದಕ್ಕೆ ದಾಟಿಸಿದ್ದರು. 109ನೇ ನಿಮಿಷದಲ್ಲಿ ಎಡ ಅಂಚಿನಲ್ಲಿ ಚೆಂಡು ಸಿಕ್ಕಿತು. ಉಳಿದವರ ಕಾಲು ಸೋತಿದ್ದ ಹೊತ್ತಿನಲ್ಲಿ ಈ 170 ಸೆಂಟಿಮೀಟರ್ ಎತ್ತರದ ಆಸಾಮಿ ಎದುರಿನವನನ್ನು ದಾಟಿ ಓಡಿದ. ಹುಟ್ಟಾ ಬಲಗಾಲಿನ ಆಟಗಾರ, ಎಡಗಾಲಿನಲ್ಲಿ ಕ್ರಾಸ್ ಕೊಟ್ಟ, ಅಂದರೆ ಅಂಚಿನಿಂದ ಗೋಲಿನ ಮುಂದಕ್ಕೆ ಚೆಂಡು ತೂರಿದ. ಬದಲಿಯಾಗಿ ಬಂದಿದ್ದ ತದನಾರಿ ಲೀ ಒಬ್ಬಂಟಿಯಾಗಿ ನಿಂತಿದ್ದ. ಚೆಂಡು ನೆಲ ಮುಟ್ಟುವ ಮೊದಲೇ ಒದ್ದ. ಕಪ್ ಜಪಾನ್ ಪಾಲಾಯಿತು. ದಾಖಲೆಯಲ್ಲಿ ಗೋಲು ಲೀಯದು, ನಿಜ. ಆದರೆ ನನಗೆ ಇಂದಿಗೂ ನೆನಪಿರುವುದು ಆ ಓಟ.

ಎರಡೇ ದಿನಕ್ಕೆ ಯುರೋಪಿನ ಚಾಂಪಿಯನ್ ಇಂಟರ್ ಮಿಲಾನ್ ನಾಗಾಟೊಮೊನನ್ನು ಇಟಲಿಯದೇ ಚೆಸೆನಾ ಕ್ಲಬ್‌ನಿಂದ ಕರೆಸಿಕೊಂಡಿತು. 2010ರ ವಿಶ್ವಕಪ್‌ನಲ್ಲಿ ಕ್ಯಾಮರೂನ್‌ನ ಸ್ಟ್ರೈಕರ್ ಎಟೊಗೆ ಕಾವಲು ಕಾದವನು ಈಗ ಅದೇ ಎಟೊನ ಸಹ ಆಟಗಾರ! ಅಲ್ಲಿಗೆ ನಾಲ್ಕೇ ವರ್ಷ ಹಿಂದೆ ಅವನಿನ್ನೂ ಮೇಜಿ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಬೆನ್ನು ನೋವಿನಿಂದ ಆಡಲಾಗದೆ ಪ್ರೇಕ್ಷಕರ ನಡುವೆ ನಿಂತು ತನ್ನ ತಂಡಕ್ಕಾಗಿ ಡೋಲು ಬಾರಿಸುತ್ತಿದ್ದ ಕಾಲವೂ ಆ ಕಾಲೇಜು ದಿನಗಳಲ್ಲೇ ಬಂದುಹೋಗಿತ್ತು.

ಇಂಟರ್‌ನಲ್ಲಿ ಏಳು ವರ್ಷ, 200ಕ್ಕೂ ಹೆಚ್ಚು ಪಂದ್ಯ. ಕೈಗೆ ಬಂದ ಪ್ರಶಸ್ತಿ 2011ರ ಇಟಲಿ ಕಪ್ ಒಂದೇ. ಕೋಚ್‌ಗಳು ಬಂದರು, ಹೋದರು, ಇವನು ಉಳಿದ. ಆಮೇಲೆ ಟರ್ಕಿಯ ಗಲತಸರಾಯ್, ಫ್ರಾನ್ಸಿನ ಮಾರ್ಸೇ, 2021ರಲ್ಲಿ ಮತ್ತೆ ತವರಿನ ಎಫ್‌ಸಿ ಟೋಕಿಯೊ. ಅಲ್ಲಿಗೆ ಅವನ ಕಥೆ ಮುಗಿಯಿತೆಂದು ನಾನೂ ಅಂದುಕೊಂಡಿದ್ದೆ.

2022ರ ವಿಶ್ವಕಪ್‌ನಲ್ಲಿ ಜರ್ಮನಿ ಎದುರು ಮತ್ತೆ ಅದೇ ಖಲೀಫಾ ಕ್ರೀಡಾಂಗಣ. ವಯಸ್ಸು 36, ಅದು ಅವನ ನಾಲ್ಕನೇ ವಿಶ್ವಕಪ್. 57ನೇ ನಿಮಿಷದಲ್ಲಿ ಅವನನ್ನು ಹೊರಗೆ ಕರೆದು ನಿನ್ನ ಮಿತೋಮಾನನ್ನು ಇಳಿಸಿದರು. ಜಪಾನ್‌ನ ಎರಡೂ ಗೋಲು ಬಂದದ್ದು ಅದಾದ ಮೇಲೆಯೇ. ಈ ಅಂಕವನ್ನು ಧಾರಾಳವಾಗಿ ನಿನಗೇ ಬಿಟ್ಟುಕೊಡುತ್ತೇನೆ. ಬೇರೆಯವನಾಗಿದ್ದರೆ ಮುಖ ಸಪ್ಪಗಾಗುತ್ತಿತ್ತು. ಇವನು ಗೆದ್ದ ಮೇಲೆ ಟಿವಿ ಮೈಕ್ ಮುಂದೆ ಗಂಟಲು ಹರಿಯುವಂತೆ ‘ಬ್ರಾವೊ!’ ಎಂದು ಕೂಗಿದ. ಆ ಕೂಗು ಜಪಾನ್ ತುಂಬ ಮಕ್ಕಳ ಬಾಯಿಗೂ ಹತ್ತಿತು. ಸ್ವಲ್ಪ ನಾಟಕವಿದೆ, ಇಲ್ಲವೆನ್ನುವುದಿಲ್ಲ. ಆದರೆ ತಾನು ಆಡದ ಹೊತ್ತಿನಲ್ಲಿ ಬಂದ ಗೆಲುವಿಗೆ ಅಷ್ಟು ಜೋರಾಗಿ ಸಂಭ್ರಮಿಸುವ ಆಟಗಾರ ಇನ್ನೊಬ್ಬನಿದ್ದರೆ ತೋರಿಸು ನೋಡೋಣ. ಜನ ಅವನನ್ನು ಮೆಚ್ಚುವುದು ಇದಕ್ಕೇ ಎನ್ನುವುದು ನನ್ನ ವಾದ.

ಮೊದಲು 2011ರ ಆ 109ನೇ ನಿಮಿಷವನ್ನು ಹುಡುಕಿ ನೋಡು. ಆಮೇಲೂ ತಕರಾರು ಉಳಿದಿದ್ದರೆ ಬರೆ.

ನಿನ್ನ,
ಸುರೇಶ