ಧಾದಿಂಗಿನಿಂದ ಅಪ್ಪನಿಗೆ

ಧಾದಿಂಗ್, ನೇಪಾಳ
17 ಆಗಸ್ಟ್ 2024, ಶನಿವಾರ

ತೀರ್ಥರೂಪ ಅಪ್ಪನಿಗೆ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ.

ಸುಮಾಳ ಪತ್ರ ಓದಿದಾಗಿನಿಂದ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ತ್ರಿಶೂಲಿ ನದಿಗೆ ಬಿದ್ದ ಬಸ್ಸುಗಳನ್ನು ಟಿವಿಯಲ್ಲಿ ನೋಡಿದ ಮೇಲೆ ಅಮ್ಮನಿಗೆ ನಿದ್ದೆಯಿಲ್ಲ, ಬಿಪಿ ಏರಿದೆ, ಮಾತ್ರೆ ಕೊಟ್ಟರೆ ಬೇಡವೆನ್ನುತ್ತಾಳೆ ಎಂದು ಬರೆದಿದ್ದಾಳೆ. ಫೋನಿನಲ್ಲಿ ಎರಡು ಮಾತಾಡುವಷ್ಟರಲ್ಲಿ ಅಮ್ಮ ಅಳುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ, ನೀವೇ ಅವಳಿಗೆ ಓದಿ ಹೇಳಿ.

ಆ ದುರಂತ ನಡೆದದ್ದು ಜುಲೈ 12ರ ಬೆಳಗಿನ ಜಾವ, ಚಿತವನ್ ಜಿಲ್ಲೆಯ ಸಿಮಲ್‌ತಾಲ್ ಬಳಿ, ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯಲ್ಲಿ. ಕತ್ತಲಲ್ಲಿ, ಮಳೆಯಲ್ಲಿ ಹೊರಟಿದ್ದ ಎರಡು ಬಸ್ಸುಗಳನ್ನು ಗುಡ್ಡ ನದಿಗೆ ತಳ್ಳಿತು. ನಾನಿರುವುದು ಅಲ್ಲಿಂದ ದೂರ, ಹೆದ್ದಾರಿ ಬಿಟ್ಟು ಒಳಗೆ. ರಾತ್ರಿ ಎಲ್ಲಿಗೂ ಹೊರಡುವುದಿಲ್ಲ. ಜೋರು ಮಳೆ ಬಂದ ದಿನ ಹಗಲಲ್ಲೂ ಹೊರಡುವುದಿಲ್ಲ. ಅಮ್ಮಾ, ಇದು ನಿನ್ನನ್ನು ಸಮಾಧಾನ ಮಾಡಲು ಹೇಳುವ ಮಾತಲ್ಲ, ನಮ್ಮ ಕೆಲಸದ ನಿಯಮವೇ ಹಾಗಿದೆ. ಶಿರೂರಿನಲ್ಲಿ ಅದೇ ವಾರ ಹೆದ್ದಾರಿಯ ಮೇಲೆ ಗುಡ್ಡ ಬಿತ್ತಲ್ಲ, ಅದನ್ನು ಓದಿ ನಾನೂ ನಿಮಗಾಗಿ ಹೆದರಿದ್ದೆ.

ಕೆಲಸ ಬಿಟ್ಟು ಬಾ ಎಂದಿದ್ದೀರಿ. ಆದರೆ ನಾನು ಇಲ್ಲಿರುವುದೇ ಇಂಥದ್ದು ಆಗಬಾರದೆಂದು. ಇಲ್ಲಿ ವರ್ಷದ ಮಳೆಯಲ್ಲಿ ಸುಮಾರು ಶೇ. 80ರಷ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಹಿಮಾಲಯ ಇನ್ನೂ ಎಳೆಯ ಪರ್ವತ, ಮಣ್ಣು ಸಡಿಲ. ನಮ್ಮೂರಿಗೂ ರಸ್ತೆ ಬೇಕೆಂಬ ಆತುರದಲ್ಲಿ ಡೋಜರ್ ತಂದು ಇಳಿಜಾರನ್ನು ಕಡಿದುಬಿಡುತ್ತಾರೆ. ಚರಂಡಿ ಇಲ್ಲ, ಮೋರಿ ಇಲ್ಲ. ಕಡಿದ ಮಣ್ಣನ್ನು ಕೆಳಗಿನ ಹೊಲಕ್ಕೇ ನೂಕುತ್ತಾರೆ. ನೀರಿಗೆ ಹರಿಯಲು ದಾರಿ ಸಿಗದಿದ್ದರೆ ಅದು ಗುಡ್ಡದೊಳಗೆ ಇಳಿಯುತ್ತದೆ, ಮರುವರ್ಷ ಗುಡ್ಡವೇ ರಸ್ತೆಗೆ ಇಳಿಯುತ್ತದೆ. ನೋಡಿದರೆ ಸಿಟ್ಟು ಬರುತ್ತದೆ. ಆದರೂ ಊರಿನವರನ್ನು ಬೈಯಲು ಮನಸ್ಸು ಬರುವುದಿಲ್ಲ. ಹೆರಿಗೆ ನೋವು ಬಂದ ಹೆಂಗಸನ್ನು ಡೋಕೋ ಬುಟ್ಟಿಯಲ್ಲಿ ಕೂರಿಸಿ ಬೆನ್ನ ಮೇಲೆ ಹೊತ್ತು ಬೆಟ್ಟ ಇಳಿಸುವವರಿಗೆ ರಸ್ತೆಯೆಂದರೆ ಜೀವ.

ನಾನು ನೋಡಿಕೊಳ್ಳುವುದು ಆ ನೀರನ್ನು. ರಸ್ತೆಯ ಒಳಬದಿಗೆ ಚರಂಡಿ, ಹಳ್ಳ ದಾಟುವಲ್ಲಿ ಮೋರಿ, ತಂತಿ ಬಲೆಯೊಳಗೆ ಕಲ್ಲು ತುಂಬಿದ ಗೇಬಿಯನ್ ಗೋಡೆ. ಅದಕ್ಕೆ ಸಿಮೆಂಟ್ ಬೇಡ. ನೀರು ಸಂದಿಗಳಿಂದ ಇಳಿದುಹೋಗುತ್ತದೆ, ಮಣ್ಣು ಸ್ವಲ್ಪ ಸರಿದರೂ ಗೋಡೆ ಬಾಗುತ್ತದೆಯೇ ಹೊರತು ಥಟ್ಟನೆ ಒಡೆಯುವುದಿಲ್ಲ. ಇಳಿಜಾರಿನಲ್ಲಿ ಅಮ್ರಿಸೋ ಹುಲ್ಲು ನೆಡಿಸುತ್ತೇವೆ. ಬೇರು ಮಣ್ಣನ್ನು ಹಿಡಿಯುತ್ತದೆ, ಹೂಗೊಂಚಲನ್ನು ಹೆಂಗಸರು ಪೊರಕೆ ಕಟ್ಟಿ ಮಾರುತ್ತಾರೆ. ಮಳೆಗಾಲದಲ್ಲೇ ಈ ಕೆಲಸ ಸರಿಯಾಗಿದೆಯೋ ಇಲ್ಲವೋ ತಿಳಿಯುವುದು, ಹಾಗಾಗಿ ಈಗ ಬಿಟ್ಟು ಬರಲಾರೆ.

ಅಪ್ಪ, ನಿಮಗೆ ಇಷ್ಟವಾಗುವ ಸಂಗತಿ: 1956ರಲ್ಲಿ ತ್ರಿಭುವನ್ ರಾಜಪಥ ಆಗುವವರೆಗೆ ಕಠ್ಮಂಡುವಿಗೆ ಹೊರಗಿನಿಂದ ಮೋಟಾರು ರಸ್ತೆಯೇ ಇರಲಿಲ್ಲ. ರಾಣಾ ಅರಸರ ಕಾರುಗಳನ್ನು ಕೂಲಿಯವರು ಬೆಟ್ಟದ ಮೇಲೆ ಹೊತ್ತು ತಂದಿದ್ದರು! ಆ ರಸ್ತೆ ಕಟ್ಟಿದ್ದು ನಮ್ಮ ಸೇನೆಯ ಇಂಜಿನಿಯರುಗಳು. ಈಗ ಕಠ್ಮಂಡುವಿನ ಹೊರವಲಯದ ನಾಗಢುಂಗಾದಲ್ಲಿ ಜಪಾನಿನ ಸಾಲದ ನೆರವಿನಿಂದ ಈ ದೇಶದ ಮೊದಲ ಆಧುನಿಕ ರಸ್ತೆ ಸುರಂಗ ಆಗುತ್ತಿದೆ. ಏಪ್ರಿಲ್‌ನಲ್ಲಿ ಎರಡೂ ಕಡೆಯ ಕೊರೆತ ಒಂದಾಯಿತು. ಬಡ ದೇಶವೆಂದು ಸುಮಾ ಹಗುರವಾಗಿ ಬರೆದಿದ್ದಾಳೆ, ಹಾಗೆ ಹೇಳಬಾರದು. ಇಂಥ ಬೆಟ್ಟದಲ್ಲಿ ಒಂದು ಕಿಲೋಮೀಟರ್ ರಸ್ತೆ ಉಳಿಸಿಕೊಳ್ಳುವ ಕಷ್ಟ ಬಯಲಿನವರಿಗೆ ಗೊತ್ತಾಗುವುದಿಲ್ಲ. ಇಲ್ಲಿ ವಾರದ ರಜೆ ಶನಿವಾರ, ಗಡಿಯಾರ ನಮಗಿಂತ ಕಾಲು ಗಂಟೆ ಮುಂದೆ, ಇಲ್ಲಿನ ವಿಕ್ರಮ ಸಂವತ್ ಪಂಚಾಂಗದಲ್ಲಿ ಆಗಲೇ 2081.

ಅಮ್ಮಾ, ನನ್ನ ಆಣೆ, ಮಾತ್ರೆ ನಿಲ್ಲಿಸಬೇಡ. ನಾನು ಚೆನ್ನಾಗಿದ್ದೇನೆ, ಊಟ ಚೆನ್ನಾಗಿದೆ, ಜ್ವರವಿಲ್ಲ, ಜೀಪಿನ ಚಾಲಕ ಬಹಳ ನಿಧಾನದವನು. ಏನೂ ಆಗುವುದಿಲ್ಲ. ದಶೈನ್ ಹಬ್ಬಕ್ಕೆ, ಅಂದರೆ ನಮ್ಮ ದಸರಾಕ್ಕೆ, ಇಲ್ಲಿ ಎಲ್ಲ ಕೆಲಸ ನಿಲ್ಲುತ್ತದೆ. ಆಗ ವಿಮಾನದಲ್ಲೇ ಬರುತ್ತೇನೆ. ಅಪ್ಪ, ಅವಳನ್ನು ಈ ವಾರವೇ ಡಾಕ್ಟರ ಬಳಿ ಕರೆದುಕೊಂಡು ಹೋಗಿ ಬಿಪಿ ಎಷ್ಟಿದೆಯೆಂದು ಸುಮಾಳಿಂದ ಬರೆಸಿ. ದುಡ್ಡು ನಾಡಿದ್ದು ಕಳಿಸುತ್ತೇನೆ.

ಕಠ್ಮಂಡುವಿಗೆ ಹೊರಟವರು ಪತ್ರಕ್ಕಾಗಿ ಕಾಯುತ್ತಿದ್ದಾರೆ. ಅಜ್ಜಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮಗಳು,
ವೀಣಾ