ಪ್ಯಾರಿಸ್ ಮುಟ್ಟೇನಿ, ಅಪ್ಪಾರ ಕಾಲ ಮೊದ್ಲ ತೋರಸ್ರಿ

ಅವ್ವಾ,

ನಮಸ್ಕಾರ. ನಾ ಆರಾಮ ಅದೇನಿ. ನೀವೂ ಆರಾಮ ಇದ್ದೀರಿ ಅಂತ ಬರೀಬೇಕಂದ್ರ ನಿನ್ನ ಪತ್ರ ಓದಿದ ಮ್ಯಾಲ ಕೈ ಬರವಲ್ದು, ಅದಕ್ಕ ಆಮೇಲ ಬರ್ತೇನಿ. ಪಲ್ಲವಿ, ಆಯಿಗೆ ನಿಧಾನ ಓದಿ ಹೇಳ, ನಡುವ ಹಾರಿಸಬ್ಯಾಡ.

ಮೊದ್ಲ ಸೈಕಲ್ ಸುದ್ದಿ ಮುಗಸ್ತೇನಿ, ಇಲ್ಲಾಂದ್ರ ನಿನಗ ನಿದ್ದಿ ಬರೂದಿಲ್ಲ. ಸಕ್ಕರಿ ಬ್ಯಾನಿ ಸಂಶೋಧನಾಕ್ಕ ರೊಕ್ಕ ಕೂಡಸಾಕ ಸೈಕಲ್ ಮ್ಯಾಲ ಹೊಂಟಿದ್ನೆಲ್ಲ, ಲಂಡನ್ನಿಂದ ಪ್ಯಾರಿಸ್ ಸುಮಾರ 400 ಕಿಲೋಮೀಟರ್, ಮುಟ್ಟೇನಿ. ಕೈ ಕಾಲ ನೆಟ್ಟಗ ಅದಾವ, ಬಿದ್ದಿಲ್ಲ, ಯಾವ ಗಾಡೀನೂ ಹಾಯ್ದಿಲ್ಲ, ಜ್ವರ ಬಂದಿಲ್ಲ, ಮಳ್ಯಾಗ ತೊಯ್ದಿದ್ದೂ ಭಾಳ ಇಲ್ಲ. ಕೆಲಸಾನೂ ಹೋಗಿಲ್ಲ, ಸಣ್ಣಕಾಕಾಗ ಹೇಳ, ಕಾರ ತಗೊಳಾಕ ಆಗದ ಸೈಕಲ್ ಹೊಡ್ಯಾಕತ್ಯಾನ ಅಂತ ಗುಡಿ ಕಟ್ಟಿ ಮ್ಯಾಲ ಕುಂತು ಹೇಳೂದು ಸಾಕು ಅಂತ. ಇಲ್ಲೆ ಮನಿ ಮುಂದ ಎರಡೆರಡ ಕಾರ ಇದ್ದಾವ್ರ ಸೈಕಲ್ ಹುಚ್ಚ ಹಿಡಿಸ್ಕೊಂಡಾರ. ನಮ್ಮ ಗುಂಪಿನ್ಯಾಗ ಒಬ್ಬಾಕಿ ರಿಟೈರ್ ಆದ ಟೀಚರಮ್ಮ ಇದ್ಲು, ನಿನಗಿಂತ ದೊಡ್ಡಾಕಿ, ಸೌತ್ ಡೌನ್ಸ್ ಅಂತ ಗುಡ್ಡ ಬರ್ತಾವಲ್ಲ ಅಲ್ಲೆ ನಾ ನಾಲಿಗಿ ಹೊರಗ ಹಾಕ್ಕೊಂಡು ತುಳ್ಯಾಕತ್ತಿದ್ರ ಆಕಿ ಗುಡ್ ಮಾರ್ನಿಂಗ್ ಅಂದು ನಕ್ಕೋತ ಮುಂದ ಹೋಗೇ ಬಿಟ್ಲು. ನಮ್ಮ ಬಾಗಲಕೋಟಿ ವಿಜಯಪುರ ಕಡೆ ಹುಡುಗ್ರು ಸೈಕಲ್ ರೇಸ್‌ನ್ಯಾಗ ನ್ಯಾಷನಲ್ ಮೆಡಲ್ ತರ್ತಾರ, ಸೈಕಲ್‌ಗಂತನ ಸ್ಪೋರ್ಟ್ಸ್ ಹಾಸ್ಟೆಲ್ ಅದಾವ ಅಂತ ಹಿಂದಿನ ದಿನ ರಾತ್ರಿ ಎಲ್ಲಾರ ಮುಂದ ಜಂಬಾ ಕೊಚ್ಚಿದ್ದೆ, ಆ ಗುಡ್ಡದ ಮ್ಯಾಲ ಯಾರೂ ಅದನ್ನ ನೆನಪ ಮಾಡ್ಲಿಲ್ಲ, ಪುಣ್ಯಾ.

ಸೈಕಲ್ ಹೊಡದ್ರ ಮಂದಿ ರೊಕ್ಕ ಯಾಕ ಕೊಡ್ತಾರ ಅಂತ ಕೇಳಿದಿ. ಉಗಾದಿ ಮುಂದ ಶ್ರೀಶೈಲಕ್ಕ ಮಲ್ಲಯ್ಯನ ಕಂಬಿ ಹೊತ್ಕೊಂಡು ನಡ್ಕೋತ ಹೋಗೋರಿಗೆ ಹಾದಿಗುಂಟ ಯಾರ್ಯಾರೋ ಊಟಾ ಹಾಕ್ತಾರ, ಕಾಲಿಗೆ ಎಣ್ಣಿ ತಿಕ್ತಾರ, ಅವ್ರಿಗೇನ ಸಿಗ್ತೈತಿ? ನಡ್ಯಾವ ನಡೀತಾನ, ನೀಡಾವ ನೀಡ್ತಾನ, ಇಬ್ರದೂ ಮಲ್ಲಯ್ಯಗ ಮುಟ್ಟತೈತಿ. ಇಲ್ಲೇನೂ ಹಂಗ, ಮಲ್ಲಯ್ಯನ ಜಾಗಾದಾಗ ಸಕ್ಕರಿ ಬ್ಯಾನಿ ಮ್ಯಾಲ ಸಂಶೋಧನಾ ಮಾಡೋರು ಅದಾರ ಅಷ್ಟ. ಆಫೀಸಿನವ್ರು, ಮನಿ ಮಾಲಕಿ, ಮೂಲಿ ಅಂಗಡಿ ಗುಜರಾತಿ ಭಾಯಿ ಎಲ್ಲಾರೂ ತಮ್ಮ ಕೈಲಾದಷ್ಟ ಆನ್‌ಲೈನ್‌ನ್ಯಾಗ ಹಾಕ್ಯಾರ, ಅದು ನೇರ ಸಂಸ್ಥೆಗೆ ಹೋಗ್ತೈತಿ, ನನ್ನ ಕೈಗೆ ಒಂದ ಪೈಸಾ ಬರೂದಿಲ್ಲ. ಇನ್ನೊಂದ ಮಜಾ ಅಂದ್ರ ಇಲ್ಲೆ ಟ್ಯಾಕ್ಸ್ ಕಟ್ಟಾವ ಒಂದ ಪೌಂಡ್ ದಾನ ಕೊಟ್ರ ಸರಕಾರ ಅದರ ಮ್ಯಾಲ 25 ಪೆನ್ಸ್ ತಂದ ಸೇರಸ್ತೈತಿ. ಇದನ್ನ ಮಾವಗ ಹೇಳಬ್ಯಾಡ, ನಂಬೂದಿಲ್ಲ, ಮ್ಯಾಲ ನನಗ ಬೈತಾನ.

ಹಾದೀದು ಏನ ಹೇಳ್ಲಿ. ನ್ಯೂಹೇವನ್ ಅಂತ ಬಂದರದಾಗ ಹಡಗ ಹತ್ತೂದು, ಅದರ ಹೊಟ್ಟ್ಯಾಗ ಲಾರಿ ಬಾಜೂಕ ನಮ್ಮ ಸೈಕಲ್ ಹಗ್ಗ ಹಾಕಿ ಕಟ್ತಾರ, ನಾಕ ತಾಸಿಗೆ ಫ್ರಾನ್ಸಿನ ಡಿಯೆಪ್. ಇಳಿದ ಕೂಡ್ಲೆ ಎಲ್ಲಾ ಬಲಕ್ಕ ಹೋಗ್ಬೇಕು, ಸರ್ಕಲ್ ಬಂದ್ರ ತಲಿ ತಿರಗ್ತೈತಿ. ಅಲ್ಲಿಂದ ಮುಂದ ಹಳೇ ರೈಲ್ವೆ ಹಳಿ ಕಿತ್ತು ಡಾಂಬರ ಹಾಕಿ ಸೈಕಲ್‌ಗೆ ಬಿಟ್ಟಾರ, ಸ್ಟೇಶನ್ ಹಂಗ ಅದಾವ, ಪ್ಲಾಟ್‌ಫಾರಂ ಬಾಜೂಕ ಹಾಯ್ದು ಹೋಗ್ತೇವಿ. ನಮ್ಮ ಬಾಗಲಕೋಟಿ ಕುಡಚಿ ಲೈನ್ ಇನ್ನೂ ಹಾಕೂದ ಮುಗೀವಲ್ದು, ಇವ್ರು ಹಾಕಿದ್ದನ್ನ ತಗದು ಸೈಕಲ್ ಓಡಸಾಕತ್ಯಾರ. ನ್ಯೂಫ್‌ಶಾಟೆಲ್ ಅಂತ ಊರಾಗ ಹಾರ್ಟಿನ ಆಕಾರದ ಚೀಸ್ ಕೊಟ್ರು, ಒಂದ ತುಣಕ ಬಾಯಾಗ ಇಟ್ಕೊಂಡು ಸುಮ್ನ ಕುಂತೆ, ಉಗುಳಿದ್ರ ಮರ್ಯಾದಿ ಅಲ್ಲ. ಅವ್ರಿಗೆ ನಾ ನಿನ್ನ ಕಟಕ ರೊಟ್ಟಿ ಶೇಂಗಾ ಚಟ್ನಿ ಕೊಟ್ಟೆ. ಹಪ್ಪಳ ಏನ ಅಂತ ಕೇಳಿದ್ರು, ಆಮೇಲ ಡಬ್ಬಿ ನನ್ನ ಕೈಗೆ ವಾಪಸ್ ಬರ್ಲೇ ಇಲ್ಲ. ಚಡ್ಡಿ ವಿಷಯ ಬರೆಯೂದಿಲ್ಲ, ಕುಂಡಿ ಕಡೆ ಗಾದಿ ಇಟ್ಟು ಹೊಲಿದಿರ್ತಾರ, ಪಲ್ಲವಿ ಇದನ್ನ ಓದಬ್ಯಾಡ. ಕಡೀಕ ಐಫೆಲ್ ಟವರ್ ಮುಂದ ಎಲ್ಲಾರೂ ಅತ್ರು, ಫೋಟೊ ತಗಿಸ್ಕೊಂಡ್ರು. 330 ಮೀಟರ್ ಐತಿ, 1889ರಾಗ ಕಟ್ಯಾರ. ಚೊಲೊ ಐತಿ.

ಈಗ ಖರೇ ವಿಷಯ. ನಿನ್ನ ಪತ್ರದಾಗ ಬೆಳಗಾವಿ ಹುಡುಗಿ ಸಲುವಾಗಿ ಎರಡ ಪುಟ ಐತಿ, ಕಬ್ಬಿನ ಬಿಲ್ ಬಂದಿಲ್ಲ ಅಂತ ಅರ್ಧ ಪುಟ, ಅಪ್ಪಾರ ಕಾಲಿಗೆ ಒಂದ ಸಾಲ. "ಕೂಳಿ ಕಬ್ಬಿಗೆ ನೀರ ಹಾಯ್ಸಾಕ ಹೋದಾಗ ಕಡದ ಕಬ್ಬಿನ ಬುಡ ಕಾಲಿಗೆ ಚುಚ್ಚೇತಿ, ಸುಣ್ಣ ಬೆಲ್ಲ ಹಚ್ಚೇವಿ, ನೋವೇನಿಲ್ಲ ಅಂತಾರ, ನೀ ಕಾಳಜಿ ಮಾಡಬ್ಯಾಡ." ಅವ್ವಾ, ನೋವಿಲ್ಲ ಅನ್ನೂದ ಇಲ್ಲೆ ತ್ರಾಸಿನ ಮಾತ. ಅಪ್ಪಾರಂಗ ಭಾಳ ವರ್ಷ ಶುಗರ್ ಇದ್ದಾವ್ರಿಗೆ ಕಾಲಿನ ನರಾ ಸತ್ತಂಗ ಆಗಿರ್ತಾವ, ಮೊಳಿ ಹೊಕ್ರೂ ಗೊತ್ತಾಗೂದಿಲ್ಲ, ರಕ್ತ ಓಡಾಟಾನೂ ಕಡಿಮಿ, ಅದಕ್ಕ ಗಾಯ ಮಾಯೂದಿಲ್ಲ, ಮ್ಯಾಲ ಚರ್ಮ ಕೂಡಿಕೊಂಡಂಗ ಕಂಡ್ರೂ ಒಳಗ ಕೀವ ತುಂಬಿ ಎಲಬಿನ ತನಕ ಹೋಗಿರ್ತೈತಿ.

ನಮ್ಮ ಗುಂಪಿನ್ಯಾಗ ಒಬ್ಬ ಇದ್ದ, ಸಣ್ಣಂವ ಇದ್ದಾಗಿಂದ ಶುಗರ್, ಹುಟ್ಟಿದ ಊರು ಸ್ಕಾಟ್ಲೆಂಡ್. ರಟ್ಟಿ ಮ್ಯಾಲ ಹಳೇ ರೂಪಾಯಿ ಅಷ್ಟ ದೊಡ್ಡದ ಬಿಳೀ ಗುಂಡಿ ಅಂಟಿಸ್ಕೊಂಡಿದ್ದ, ಅದು ಶುಗರ್ ಎಷ್ಟೈತಿ ಅಂತ ಫೋನಿಗೆ ಹೇಳ್ತಿರ್ತೈತಿ, ಇಳದ್ರ ಸೈಕಲ್ ನಿಲ್ಲಿಸಿ ಮಕ್ಕಳು ತಿನ್ನೋ ಜೆಲ್ಲಿ ಮಿಠಾಯಿ ನಾಕ ಬಾಯಾಗ ಹಾಕ್ಕೊಳ್ಳಾಂವ. ರಾತ್ರಿ ಹೋಟೆಲಿಗೆ ಬಂದ ಮ್ಯಾಲ ನಾವೆಲ್ಲಾ ಮೊದ್ಲ ಊಟಕ್ಕ ಓಡಿದ್ರ ಈ ಮನಶ್ಯಾ ಮಂಚದ ಮ್ಯಾಲ ಕುಂತು ಸಾಕ್ಸ್ ತಗದು, ಒಂದ ಸಣ್ಣ ಕನ್ನಡಿ ಹಿಡದು, ಅಂಗಾಲ ನೋಡ್ಕೋತಿದ್ದ. ಬೆರಳ ಸಂದಿ ಒಂದೊಂದ ಬಿಡಿಸಿ, ಹಿಮ್ಮಡ ತಿರವಿ, ಆಮೇಲ ಸಾಕ್ಸ್ ಒಳಗ ಕೈ ಹಾಕಿ ಸಣ್ಣ ಹರಳ ಐತೇನ ಅಂತ ನೋಡಾಂವ. ನಾ ಕೇಳಿದ್ದಕ್ಕ ನನ್ನ ಕಾಲ ನನಗ ಸುದ್ದಿ ಹೇಳೂದಿಲ್ಲೋ ಮಾರಾಯ, ನಾನ ಹೋಗಿ ಕೇಳ್ಬೇಕು ಅಂದ. ಇಲ್ಲೆ ಶುಗರ್ ಇದ್ದಾವ್ರಿಗೆ ವರ್ಷಕ್ಕೊಮ್ಮಿ ಕಾಲ ಪರೀಕ್ಷಾ ಮಾಡ್ತಾರ, ನೈಲಾನ್ ಎಳಿ ತಗೊಂಡು ಬೆರಳಿಗೆ ಅಂಗಾಲಿಗೆ ಮುಟ್ಟಿಸಿ, ಕಣ್ಣ ಮುಚ್ಕೊಂಡ ಗೊತ್ತಾತೇನ ಹೇಳ ಅಂತಾರ. ಅಪ್ಪಾರಿಗೆ ಯಾರೂ ಹಂಗ ನೋಡಿದಂಗ ಇಲ್ಲ. ಗುಳಿಗಿ ಬರಕೊಟ್ರು, ಕಳಿಸಿದ್ರು.

ಅದಕ್ಕ ಏನ ಮಾಡ್ರಿ ಅಂದ್ರ, ಆ ಸುಣ್ಣ ಬೆಲ್ಲ ಇವತ್ತ ತೊಳೀರಿ. ಸುಣ್ಣ ಸುಡತೈತಿ, ಸುಟ್ಟಿದ್ದೂ ಅವ್ರಿಗೆ ಗೊತ್ತಾಗೂದಿಲ್ಲ. ಸ್ವಚ್ಛ ನೀರ ಹಾಕಿ ತೊಳದು ಒಣ ಬಟ್ಟಿ ಕಟ್ರಿ, ಬಿಸಿನೀರಾಗ ಕಾಲ ಇಡಬ್ಯಾಡ್ರಿ. ನಾಳೆ ಮುಂಜಾನೆ ಅಣ್ಣ ಹೊಲಕ್ಕ ಹೋಗೂದು ಬಿಟ್ಟು ಕಾರ ಮಾಡ್ಕೊಂಡು ಬಾಗಲಕೋಟಿ ನವನಗರದ ದೊಡ್ಡ ದವಾಖಾನಿಗೆ ಕರ್ಕೊಂಡು ಹೋಗ್ಲಿ, ಟಂಟಂದಾಗ ಬ್ಯಾಡ. ಮುಧೋಳದಾಗ ಡ್ರೆಸಿಂಗ್ ಮಾಡಿಸ್ಕೊಂಡು ಬರೂದಲ್ಲ ಇದು, ಸರ್ಜನ್ ನೋಡ್ಬೇಕು. ಎಕ್ಸ್‌ರೇ ತಗೀರಿ, ಪಾದದ ನಾಡಿ ನೋಡ್ರಿ, ಮೂರ ತಿಂಗಳ ಶುಗರ್ ಸರಾಸರಿ ಹೇಳೋ ಎಚ್‌ಬಿಎ1ಸಿ ಟೆಸ್ಟ್ ಮಾಡ್ರಿ ಅಂತ ಕೇಳಬೇಕು, ಪಲ್ಲವಿ ಚೀಟಿ ಬರದ ಕೊಡ. ಸುತ್ತ ಕೆಂಪಾಗಿದ್ರ, ಕಪ್ಪಾಗಿದ್ರ, ವಾಸನಿ ಬರಾಕತ್ತಿದ್ರ, ಜ್ವರ ಇದ್ರ ನಾಳೆ ತನಕಾನೂ ಕಾಯಬ್ಯಾಡ್ರಿ, ಈಗ ಹೊಂಡ್ರಿ.

ಅಪ್ಪಾರು ಏನಂತಾರ ನನಗ ಗೊತ್ತೈತಿ. ಕಾರಹುಣ್ಣಿವಿ ಆಗ್ಲಿ, ಎತ್ತಿನ ಕರಿ ಹರೀಲಿ, ಆಮೇಲ ನೋಡೂನು ಅಂತಾರ. ಎತ್ತ ಮುಂದಿನ ವರ್ಷಾನೂ ಓಡತಾವ. ಬಿಲ್ ಬರ್ಲಿ ಅಂತಾರ. ಫ್ಯಾಕ್ಟರಿಗೆ ಕಬ್ಬ ಹಾಕಿದ 14 ದಿನದಾಗ ರೊಕ್ಕ ಕೊಡ್ಬೇಕಂತ 1966ರ ಸರಕಾರದ ಆರ್ಡರ್ ಐತಿ, ಫ್ಯಾಕ್ಟರಿಯವ್ರು ಅದನ್ನ ಓದೂತನಕ ಕಾಲ ಕಾಯೂದಿಲ್ಲ. ವೈನಿ ಅಕೌಂಟಿಗೆ ರೊಕ್ಕ ಹಾಕೇನಿ, ಅಣ್ಣಗ ಗೊತ್ತಾದ್ರ ಗೊಬ್ಬರ ತಂದಾನ, ಅದಕ್ಕ ವೈನಿಗೆ ಹಾಕೇನಿ. ನನಗ ಕಡಿಮಿ ಬೀಳೂದಿಲ್ಲ, ಖರೇನ ಬೀಳೂದಿಲ್ಲ, ಬೇಕಾದ್ರ ಇನ್ನೂ ಹಾಕ್ತೇನಿ. ಇನ್ಸುಲಿನ್ ಅಂದ್ರ ಮುಗೀತ ಕತಿ ಅಂತ ಅಂಜತಾರಲ್ಲ, ಅದು ಬಂದು ನೂರ ವರ್ಷದ ಮ್ಯಾಲಾತು, 1922ರಾಗ ಮೊದ್ಲ ಕೊಟ್ಟಾರ, ಆ ಕನ್ನಡಿಯಾಂವ ಅದನ್ನ ಚುಚ್ಕೊಂಡ ನನ್ನ ಮುಂದ ಮುಂದ ಸೈಕಲ್ ಹೊಡದಾನ ಅಂತ ಹೇಳ. ಇನ್ನ ಬರೋ ವರ್ಷ ಬರಿಗಾಲಿಲೆ ಶ್ರೀಶೈಲಕ್ಕ ಹೊಂಟೇನಿ ಅಂದ್ರ ಮಾತ್ರ ನೀ ಒಪ್ಪಬ್ಯಾಡ. ಬಸ್ಸಿಗೂ ಮಲ್ಲಯ್ಯ ಸಿಗ್ತಾನ. ಹೊಲಕ್ಕ ಹೋಗುವಾಗೂ ಬೂಟ, ಮನ್ಯಾಗೂ ಚಪ್ಪಲ್.

ಇದರಾಗ ಅಂಜುವಂಥಾದ್ದ ಏನಿಲ್ಲ ಅವ್ವಾ, ಟೈಮಿಗೆ ತೋರಿಸಿದ್ರ ಆರಾಮ ಆಗ್ತೈತಿ, ಎಷ್ಟೋ ಮಂದಿಗೆ ಆಗೇತಿ, ನಾ ಅಂಜಿಲ್ಲ, ಚೊಲೊ ನಿದ್ದಿ ಮಾಡಾಕತ್ತೇನಿ. ಉಪ್ಪಾಸ ಗಿಪ್ಪಾಸ ಹಿಡೀಬ್ಯಾಡ. ಪಲ್ಲವಿ, ಮುತ್ಯಾನ ಅಂಗಾಲ ಬೆಳಕಿನ್ಯಾಗ ಹಿಡದು ಎರಡ ಫೋಟೊ ಹೊಡದು ವಾಟ್ಸಾಪ್ ಮಾಡ, ಬೈದ್ರೂ ಮಾಡ, ನನ್ನ ಹೆಸರ ಹೇಳ.

ಬೆಳಗಾವಿ ಹುಡುಗಿ ಫೋಟೊ ನೋಡೇನಿ, ಚೊಲೊ ಅದಾಳ, ಆಮೇಲ ಮಾತಾಡೂನು, ಹ್ಞೂಂ ಅಂದೇನಿ ಅಂತ ಯಾರಿಗೂ ಹೇಳಬ್ಯಾಡ. ಶಿಫ್ಟಿಗೆ ಹೊತ್ತಾತು, ಬಸ್ ಬರಾಕತ್ತೇತಿ. ಎಲ್ಲಾರಿಗೂ ನಮಸ್ಕಾರ. ನಾಳೆ ಕಾರ ಹೊಂಟ ಕೂಡ್ಲೆ ಮೆಸೇಜ್ ಹಾಕ್ರಿ, ಇಲ್ಲೆ ರಾತ್ರಿ ಇದ್ರೂ ಪರವಾಗಿಲ್ಲ.

ನಿನ್ನ ಮಗ,
ಬಸು