ಇನೋಸಿನಿಕ್ ಆಮ್ಲ ಕೊಬ್ಬಲ್ಲ, ದಯವಿಟ್ಟು ತಿದ್ದಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯ ಅಡುಗೆ ಪುಟದಲ್ಲಿ ಪ್ಯಾಕೆಟ್ ತಿಂಡಿಗಳ ಬಗ್ಗೆ ಒಂದು ಚಿಕ್ಕ ಬರಹ ಇತ್ತು. ಲೇಬಲ್ಲಿನಲ್ಲಿರುವ 631 ಅಂದರೆ ಇನೋಸಿನಿಕ್ ಆಮ್ಲ, ಅದು ಹಂದಿಯ ಕೊಬ್ಬು ಎಂದು ಅದರಲ್ಲಿ ಬರೆದಿದ್ದರು. ಈ ಮಾತು ವಾಟ್ಸ್ಆ್ಯಪ್‌ನಲ್ಲಿ ವರ್ಷಗಳಿಂದ ಓಡಾಡುತ್ತಿದೆ. ಅಲ್ಲಿ ಬಂದಾಗ ಅಳಿಸಿ ಸುಮ್ಮನಾಗುತ್ತಿದ್ದೆ. ಆದರೆ ನಮ್ಮ ಅತ್ತೆಗೆ ಈಗ 82 ವರ್ಷ. ಪೇಪರಿನಲ್ಲಿ ಬಂದದ್ದು ಸುಳ್ಳಾಗಿರುವುದಿಲ್ಲ ಎಂದು ನಂಬಿದವರು ಅವರು.

ಅಂದು ಮಧ್ಯಾಹ್ನ ಅವರು ಭೂತಗನ್ನಡಿ ಹಿಡಿದು ಅಡುಗೆಮನೆಯ ಕಪಾಟಿನ ಮುಂದೆ ಕೂತಿದ್ದರು. ಮೊಮ್ಮಗಳ ನೂಡಲ್ಸ್, ಸೂಪಿನ ಪುಡಿ, ಮಸಾಲೆ ಚಿಪ್ಸ್ ಎಲ್ಲವನ್ನೂ ಕೆಳಗೆ ಹರಡಿಕೊಂಡಿದ್ದರು. ಎರಡರ ಹಿಂದೆ 631 ಮತ್ತು ಅದರ ಬಳಗದ 627 ಎಂದಿತ್ತು, ಒಂದರಲ್ಲಿ ಅವೆರಡೂ ಬೆರೆತ 635. ಹಿಂದಿನ ವಾರ ಜ್ವರ ಬಂದಾಗ ಅದೇ ಸೂಪನ್ನು ನಾನೇ ಬಿಸಿ ಮಾಡಿ ಕೊಟ್ಟಿದ್ದೆ. ‘ಈ ವಯಸ್ಸಲ್ಲಿ ನನಗೆ ಇದನ್ನ ಕುಡಿಸಿದ್ಯಲ್ಲೇ’ ಎಂದರು. ಜಗಳದ ದನಿಯಲ್ಲಿ ಅಲ್ಲ, ಸೋತವರ ಹಾಗೆ. ರಾತ್ರಿ ಊಟ ಮಾಡಲಿಲ್ಲ. ಮಾರನೇ ದಿನವೂ ಬರೀ ಹಾಲು.

ನಾನು 31 ವರ್ಷ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದವಳು. ಮೊದಲ ಪಿಯುಸಿಯಲ್ಲಿ ಅಡಿನೀನ್, ಅಡಿನೋಸಿನ್, ಅಡಿನೈಲಿಕ್ ಆಮ್ಲ ಎಂದು ಮೂರು ಹೆಸರು ಬರುತ್ತವೆ. ಪ್ರತಿ ವರ್ಷ ಇಡೀ ಕ್ಲಾಸು ಅಲ್ಲಿ ಎಡವುತ್ತಿತ್ತು. ಆಗ ಮುಂದಿನ ಬೆಂಚಿನ ಮೂವರು ಹುಡುಗಿಯರನ್ನು ಎಬ್ಬಿಸಿ ಕೈ ಕೈ ಹಿಡಿಸುತ್ತಿದ್ದೆ. ಮೊದಲನೆಯವಳು ಸಾರಜನಕ ಇರುವ ಬೇಸ್. ನಡುವಿನವಳು ರೈಬೋಸ್ ಎಂಬ ಸಕ್ಕರೆ. ಕೊನೆಯವಳು ಫಾಸ್ಫೇಟ್. ಮೂವರೂ ಕೈ ಹಿಡಿದು ನಿಂತರೆ ನ್ಯೂಕ್ಲಿಯೊಟೈಡ್. ಫಾಸ್ಫೇಟ್ ಕೂತರೆ ಉಳಿದ ಇಬ್ಬರು ನ್ಯೂಕ್ಲಿಯೊಸೈಡ್. ಇನೋಸಿನ್ ಅಂದರೆ ಆ ಇಬ್ಬರು, ಇನೋಸಿನಿಕ್ ಆಮ್ಲ ಅಂದರೆ ಮೂವರು. ಇಲ್ಲಿ ಬೇಸ್‌ನ ಹೆಸರು ಮಾತ್ರ ಬೇರೆ ಥರ, ಹೈಪೋಕ್ಸಾಂಥಿನ್.

ಈ ಮೂರರಲ್ಲಿ ಕೊಬ್ಬು ಎಲ್ಲಿದೆ ಹೇಳಿ? ತುಪ್ಪ, ಎಣ್ಣೆ, ಪ್ರಾಣಿಯ ಕೊಬ್ಬು ಇವುಗಳಲ್ಲಿ ಇರುವುದು ಇಂಗಾಲ, ಜಲಜನಕ, ಆಮ್ಲಜನಕ. ಇನೋಸಿನಿಕ್ ಆಮ್ಲದಲ್ಲಿ ಸಾರಜನಕ, ರಂಜಕ ಕೂಡ ಇವೆ. ಕೊಬ್ಬು ನೀರಿನ ಮೇಲೆ ತೇಲುತ್ತದೆ. ಪ್ಯಾಕೆಟ್ಟಿಗೆ ಹಾಕುವುದು ಈ ಆಮ್ಲದ ಸೋಡಿಯಂ ಲವಣ, ಡೈಸೋಡಿಯಂ ಇನೋಸಿನೇಟ್. ಅದು ಬಿಳಿ ಹರಳಿನ ಪುಡಿ, ನೀರಿನಲ್ಲಿ ಕರಗಿಹೋಗುತ್ತದೆ. ಆಮ್ಲ ಅಂದ ತಕ್ಷಣ ಬಚ್ಚಲು ತೊಳೆಯುವ ಆಸಿಡ್ ನೆನಪಾಗಿ ಹೆದರುವವರೂ ಇದ್ದಾರೆ. ಹುಣಸೆಹಣ್ಣಿನ ಹುಳಿಯೂ ಆಮ್ಲವೇ ಅಲ್ವಾ?

ಹಾಗಂತ ಅತ್ತೆಯ ಸಂಶಯಕ್ಕೆ ಬುಡವೇ ಇಲ್ಲ ಎನ್ನಲಾರೆ. ಈ ಹೆಸರು ಹುಟ್ಟಿದ್ದೇ ಮಾಂಸದಿಂದ. 1847ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟುಸ್ ಫಾನ್ ಲೀಬಿಗ್ ಮಾಂಸದ ರಸದಲ್ಲಿ ಇದನ್ನು ಕಂಡರು. ಸ್ನಾಯುವಿನ ಎಳೆಗೆ ಗ್ರೀಕಿನಲ್ಲಿರುವ ಪದದಿಂದ ಹೆಸರು ಬಂತು. 1913ರಲ್ಲಿ ಜಪಾನಿನ ಶಿಂತಾರೋ ಕೊಡಾಮಾ, ಅಲ್ಲಿನವರು ಸಾರಿಗೆ ತುರಿದು ಹಾಕುವ ಒಣಮೀನಿನ ರುಚಿ ಇದರಿಂದಲೇ ಬರುತ್ತದೆ ಎಂದು ತೋರಿಸಿದರು. ಪ್ರಾಣಿ ಸತ್ತ ಮೇಲೆ, ಸ್ನಾಯುವಿಗೆ ಶಕ್ತಿ ಕೊಡುವ ಎಟಿಪಿ ಎಂಬ ಅಣು ಮೆಟ್ಟಿಲು ಮೆಟ್ಟಿಲಾಗಿ ಒಡೆದು ಇನೋಸಿನಿಕ್ ಆಮ್ಲವಾಗುತ್ತದೆ. ಮೀನಿಗೂ ಮಾಂಸಕ್ಕೂ ಆ ರುಚಿ ಬರುವುದು ಹಾಗೆ. ಅಜಿನೊಮೊಟೊ ಜೊತೆ ಚಿಟಿಕೆಯಷ್ಟು ಸೇರಿದರೂ ರುಚಿ ಎಷ್ಟೋ ಪಟ್ಟು ಏರುತ್ತದೆ. ಅದಕ್ಕೇ ಕಂಪನಿಗಳಿಗೆ ಇದು ಬೇಕು.

ಈಗ ಇದನ್ನು ಮಾಂಸ, ಮೀನಿನಿಂದ ತೆಗೆಯಲೇಬೇಕೆಂದಿಲ್ಲ. ಮರಗೆಣಸಿನ ಪಿಷ್ಟ ಅಥವಾ ಸಕ್ಕರೆಯನ್ನು ಬ್ಯಾಕ್ಟೀರಿಯಾಗೆ ಉಣಿಸಿ, ದೋಸೆ ಹಿಟ್ಟು ಹುದುಗುವ ಹಾಗೆ ಹುದುಗಿಸಿ ತೆಗೆಯುತ್ತಾರೆ. ಯೀಸ್ಟ್‌ನಿಂದಲೂ ಬರುತ್ತದೆ. ಯಾವುದರಿಂದ ಬಂದರೂ ಅಣು ಅದೇ, ನಂಬರೂ ಅದೇ. 631 ಎಂಬುದು ವಸ್ತು ಯಾವುದು ಎಂದು ಹೇಳುತ್ತದೆ, ಎಲ್ಲಿಂದ ಬಂತು ಎಂದಲ್ಲ. ಅದಕ್ಕೆ ನೋಡಬೇಕಾದದ್ದು ಹಸಿರು ಚೌಕದೊಳಗಿನ ಹಸಿರು ಚುಕ್ಕೆ. ನಮ್ಮ ಮನೆಯ ಮೂರೂ ಪ್ಯಾಕೆಟ್ಟಿನ ಮೇಲೆ ಅದು ಇತ್ತು. ನಿಮ್ಮ ಬರಹದಲ್ಲಿ ಆ ಚುಕ್ಕೆಯ ಸುದ್ದಿಯೇ ಇಲ್ಲ.

ನಾನು ಅತ್ತೆಗೆ ಹೇಳುವಾಗ ಒಂದು ತಪ್ಪು ಮಾಡಿದೆ. ‘ಇದು ನಿಮ್ಮ ಮೈಯಲ್ಲೂ ಇದೆ ಅತ್ತೆ, ಪಿತ್ತಜನಕಾಂಗ ದಿನಾ ಮಾಡುತ್ತೆ, ಇದರಿಂದಲೇ ಡಿಎನ್‌ಎಗೆ ಬೇಕಾದ ಬೇರೆ ನ್ಯೂಕ್ಲಿಯೊಟೈಡ್‌ಗಳೂ ಆಗುತ್ತವೆ’ ಎಂದೆ. ಅವರು ಕನ್ನಡಕ ತೆಗೆದು, ‘ಮೈಯಲ್ಲಿ ರಕ್ತವೂ ಇದೆ. ಹಾಗಂತ ಕುಡೀತೀವಾ?’ ಎಂದರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಅವರಿಗೆ ಬೇಕಿದ್ದದ್ದು ಅಣುವಿನ ಪಾಠ ಅಲ್ಲ, ಅದು ಎಲ್ಲಿಂದ ಬಂತು ಎಂಬ ಉತ್ತರ. ಹಸಿರು ಚುಕ್ಕೆಯ ಜೊತೆಗೆ ‘ಮರಗೆಣಸಿನಿಂದ’ ಅಂತ ಒಂದು ಪದವನ್ನು ಕಂಪನಿಗಳು ಅಚ್ಚು ಹಾಕಿದ್ದರೆ ಆ ಉತ್ತರ ಕಪಾಟಿನಲ್ಲೇ ಇರುತ್ತಿತ್ತು.

ಇನ್ನೊಂದು ವಿಷಯ. ನಮ್ಮ ಯಜಮಾನರಿಗೆ ಗೌಟ್ ಇದೆ, ಅಂದರೆ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ ಕೀಲು ಊದಿ ನೋಯುವ ಕಾಯಿಲೆ. ಈ ಆಮ್ಲ ದೇಹದಲ್ಲಿ ಒಡೆದು ಕೊನೆಗೆ ಯೂರಿಕ್ ಆಮ್ಲವಾಗುತ್ತದೆ. ಅಂಥವರಿಗೆ 627, 631, 635 ಗುರುತಿಟ್ಟುಕೊಳ್ಳಲು ನಿಜವಾದ ಕಾರಣ ಇದೆ. ಕೊಬ್ಬು ಎಂದು ಬರೆದರೆ ಅದು ಅವರಿಗೆ ತಿಳಿಯುವುದಾದರೂ ಹೇಗೆ?

ಆದ್ದರಿಂದ ಕೇಳಿಕೊಳ್ಳುತ್ತೇನೆ: ಅದೇ ಪುಟದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ತಿದ್ದುಪಡಿ ಹಾಕಿ. ಇನೋಸಿನಿಕ್ ಆಮ್ಲ ಒಂದು ನ್ಯೂಕ್ಲಿಯೊಟೈಡ್ ಎಂದು ಬರೆಯಿರಿ. ಹಸಿರು ಚುಕ್ಕೆಯನ್ನೂ ಸೇರಿಸಿ. ಅತ್ತೆ ಊಟ ಶುರು ಮಾಡಿದ್ದಾರೆ, ಆದರೆ ಆ ಸೂಪಿನ ಪ್ಯಾಕೆಟ್ಟನ್ನು ನಾನು ಎಸೆಯಲು ಬಿಟ್ಟಿಲ್ಲ. ತಿದ್ದುಪಡಿ ಬಂದ ದಿನ ಅದನ್ನೂ ಪೇಪರನ್ನೂ ಪಕ್ಕಪಕ್ಕ ಇಟ್ಟು ಅವರಿಗೆ ಓದಿ ಹೇಳುತ್ತೇನೆ.

— ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ, ಸಾಗರ